ಬಾಯಿ ಬಿಡದ ಬೂಮ್

ಮರ್ವ್ ಮುದುಕ ತನ್ನ ಪಿಕಪ್ಪಿನ ಹಿಂಬದಿಯಿಂದ ಪೆಟ್ಟಿಗೆ ಇಳಿಸುವಷ್ಟರಲ್ಲೇ ಕರ್ಸ್ಟಿ ಒಳಗಿದ್ದ ಮರಿಗೆ ಹೆಸರಿಟ್ಟು ಮುಗಿಸಿದ್ದಳು. ಮುಖ ಇನ್ನೂ ನೋಡಿರಲಿಲ್ಲ, ಗಂಡೋ ಹೆಣ್ಣೋ ಕೇಳಿರಲಿಲ್ಲ. ಇದರಪ್ಪ ಬೊಗಳಿದರೆ ಪಕ್ಕದ ಕಣಿವೆಯ ಕುರಿ ಎದ್ದು ನಿಲ್ಲುತ್ತಿದ್ದವು ಎಂದು ಮರ್ವ್ ಹೇಳಿದ್ದೇ ತಡ, "ಹಾಗಾದ್ರೆ ಇವನು ಬೂಮ್" ಎಂದುಬಿಟ್ಟಳು. ಪೆಟ್ಟಿಗೆಯೊಳಗಿಂದ ಕಪ್ಪು ಮೈಯ, ಕಂದು ಹುಬ್ಬಿನ, ಮೈಗೆ ಮೀರಿದ ಪಾದಗಳ ಮೂರು ತಿಂಗಳ ಗಂಡುಮರಿಯೊಂದು ಎದ್ದು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೂ ಅನ್ನದೆ ಮತ್ತೆ ಕುಳಿತುಕೊಂಡಿತು.

ಆ 'ಏನೂ ಅನ್ನದೆ' ಎಂಬುದನ್ನು ಅವಳು ಆಗಲೇ ಗಮನಿಸಬೇಕಿತ್ತು. ಆದರೆ ಗಮನಿಸಬೇಕೆಂದರೆ ಒಂದು ಕಡೆ ನಿಲ್ಲಬೇಕು. ಇಪ್ಪತ್ತನಾಲ್ಕು ವರ್ಷದ ಕರ್ಸ್ಟಿ ನಿಂತದ್ದನ್ನು ಗ್ಲೆನ್‌ಹಾರ್ಡಿ ಕುರಿಫಾರ್ಮಿನಲ್ಲಿ ಯಾರೂ ಕಂಡಿರಲಿಲ್ಲ. ಕೂತರೆ ಮಂಡಿ ಕುಣಿಯುತ್ತಿತ್ತು, ಎದ್ದರೆ ನಾಲಿಗೆ. ನಾಲಿಗೆ ಕುಣಿಯುವುದೆಂದರೆ ಬರೀ ಮಾತಲ್ಲ. ಬೇಲಿಯ ಮೇಲಿನ ಮ್ಯಾಗ್‌ಪೈ ಹಕ್ಕಿಯಿಂದ ಹಿಡಿದು ಚಳಿಗೆ ಹೊತ್ತಿಕೊಳ್ಳದ ಮೋಟಾರಿನವರೆಗೆ, ಕೇಳಿದ್ದನ್ನೆಲ್ಲ ಅವಳ ಗಂಟಲು ತನ್ನದಾಗಿಸಿಕೊಳ್ಳುತ್ತಿತ್ತು. ಫಾರ್ಮಿನ ಯಜಮಾನ ಗಾರ್ತ್ ಟಲಕ್ ಪ್ರತಿ ವಾಕ್ಯದ ಕೊನೆಗೂ ಪೂರ್ಣವಿರಾಮದ ಬದಲು ಒಮ್ಮೆ ಕೆಮ್ಮುತ್ತಿದ್ದ. ಅವಳು ಅದನ್ನು ಅವನಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದಳು. ಹೋದ ವರ್ಷ ವಾಕಿಟಾಕಿಯಲ್ಲಿ ಹಾಗೇ ಕೆಮ್ಮಿ, ಹಿರಿಯ ಕುರಿಗಾಹಿ ತಮಾತಿಗೆ ಹೊಳೆಯ ಗೇಟು ತೆಗೆಯುವಂತೆ ಅಪ್ಪಣೆ ಕೊಟ್ಟಿದ್ದಳು. ಅವನು ತೆಗೆದ. ಆರುನೂರು ಕುರಿ ಟರ್ನಿಪ್ ಹೊಲಕ್ಕೆ ನುಗ್ಗಿದವು. ಅಂದಿನಿಂದ ಕರ್ಸ್ಟಿಯ ಗಂಟಲನ್ನು ಗ್ಲೆನ್‌ಹಾರ್ಡಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಭೂಗೋಳದ ದಕ್ಷಿಣ ತುದಿಯ ಒಟಾಗೊದಲ್ಲಿ ಬೇಸಗೆ ಬರುವುದು ಡಿಸೆಂಬರಿಗೆ, ಚಳಿಗಾಲ ಜೂನಿಗೆ. ಅಲ್ಲಿನ ಗುಡ್ಡಗಳಲ್ಲಿ ಹೆಚ್ಚಿನ ಕುರಿಗಳು ಬೇಸಗೆಯಿಡೀ ಮೇಲೆ ಮೇಯುತ್ತವೆ. ಏಪ್ರಿಲ್‌ನಲ್ಲಿ ಹಿಮ ಬೀಳುವ ಮೊದಲು ಅವನ್ನು ಕೆಳಗಿಳಿಸಬೇಕು. ಐದು ಜನ ಗುಡ್ಡದ ಮೈಗೆ ಅಡ್ಡವಾಗಿ, ಒಬ್ಬರಿಗಿಂತ ಒಬ್ಬರು ಎತ್ತರದ ಐದು ದಾರಿಗಳಲ್ಲಿ ಸಾಲಾಗಿ ನಡೆದು ಮಂದೆಯನ್ನು ಗುಡಿಸಿದಂತೆ ತರುತ್ತಾರೆ. ಅದಕ್ಕೆ ಎರಡು ಬಗೆಯ ನಾಯಿ ಬೇಕು. ಒಂದು, ಸದ್ದಿಲ್ಲದೆ ಸುತ್ತುಹಾಕಿ ಕಣ್ಣಿನಲ್ಲೇ ಕುರಿಯನ್ನು ತಡೆದು ನಿಲ್ಲಿಸುವ ನಾಯಿ. ಅದು ಕರ್ಸ್ಟಿಯ ಬಳಿ ಇತ್ತು, ಹೆಸರು ಮಿಸ್ಟ್. ಇನ್ನೊಂದು ಹಂಟವೇ, ಹಿಂದೆ ನಿಂತು ಬೊಗಳಿ ಬೊಗಳಿ ಕುರಿಯನ್ನು ಮುಂದಕ್ಕೆ ದೂಡುವ ಗಂಟಲಿನ ನಾಯಿ. ಅದೂ ಇತ್ತು. ಆದರೆ ಜುಲೈ ತಿಂಗಳ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ ಡ್ರಮ್ ಈಗ ಗೂಡಿನ ಮುಂದೆ ಬಿಸಿಲು ಕಾಯುತ್ತ ಮಲಗಿರುತ್ತಿತ್ತು. ಯಾರಾದರೂ ಹಾದುಹೋದರೆ ಹಳೆಯ ಕೆಲಸದ ನೆನಪಿಗೆಂಬಂತೆ ಒಂದೆರಡು ಸಲ ಬೊಗಳುತ್ತಿತ್ತು, ಅಷ್ಟೇ.

ಗಾರ್ತ್ ವಿಷಯವನ್ನು ಸುತ್ತಿ ಬಳಸಿ ಹೇಳಲಿಲ್ಲ. "ಬೊಗಳೋ ನಾಯಿ ಇಲ್ದೆ ನಿನ್ನ ಗುಡ್ಡ ಹತ್ತಿಸೋಕಾಗಲ್ಲ ಕಣಮ್ಮ. ಏಪ್ರಿಲ್ ಹೊತ್ತಿಗೆ ಒಂದನ್ನ ತಯಾರು ಮಾಡ್ಕೊ. ಇಲ್ಲಾಂದ್ರೆ ಊಟದ ಟ್ರಕ್ಕು ಇದ್ದೇ ಇದೆ." ಕೆಮ್ಮು. ಕುರಿ ಇಳಿಸಿದ ಮೇಲೆ ಒಬ್ಬರನ್ನು ಕಾಯಂ ಕುರಿಗಾಹಿಯಾಗಿ ಇಟ್ಟುಕೊಳ್ಳುತ್ತೇನೆ, ನಾಯಿ ಇದ್ದವರನ್ನು, ಎಂದೂ ಸೇರಿಸಿದ. ಮತ್ತೊಂದು ಕೆಮ್ಮು.

ಊಟದ ಟ್ರಕ್ಕನ್ನು ಕರ್ಸ್ಟಿ ಎರಡು ವರ್ಷ ಓಡಿಸಿದ್ದಳು. ಕುರಿಮಾಂಸದ ಪಾತ್ರೆ, ಬ್ರೆಡ್ಡಿನ ಪೆಟ್ಟಿಗೆ, ಸಕ್ಕರೆಪಾಕದ ಡಬ್ಬಿ, ಕರಿ ಹಿಡಿದ ಚಹಾ ಕೆಟಲು ಇವನ್ನೆಲ್ಲ ಹೇರಿಕೊಂಡು ಕೆಳಗಿನ ಗೇಟಿನ ಬಳಿ ನಿಂತು, ಗುಡ್ಡದ ಮೇಲೆ ಇರುವೆಯಂತೆ ಕಾಣುವ ಗಂಡಸರನ್ನು ನೋಡುತ್ತ ಇಡೀ ದಿನ ಕಾಯುವುದು. ಕಾಯುವುದು, ಅದೂ ಕರ್ಸ್ಟಿ. ಮೊದಲ ವರ್ಷ ಟ್ರಕ್ಕಿನ ಬಾನೆಟ್ಟಿನ ಮೇಲೆ ತಾಳ ಹಾಕಿ ಹಾಕಿ ಬಣ್ಣ ಕಿತ್ತಿದ್ದಳು. ಇನ್ನೊಂದು ವರ್ಷ ಆ ಸೀಟಿನಲ್ಲಿ ಕೂತರೆ ತಾನೇ ಕೆಟಲಿನ ಹಾಗೆ ಕುದಿದು ಆವಿಯಾಗಿ ಹೋಗುವುದು ಖಂಡಿತ ಎಂದು ಅವಳಿಗೆ ಅನ್ನಿಸಿತ್ತು.

ಮರ್ವ್ ಐವತ್ತು ವರ್ಷ ಗುಡ್ಡ ಹತ್ತಿ ಇಳಿದವನು. ಈಗ ಮಂಡಿ ಕೈಕೊಟ್ಟು ಪಕ್ಕದ ಮನೆಯಲ್ಲಿ ನಾಯಿಮರಿ ಸಾಕುತ್ತಿದ್ದ. ಪಾಠವನ್ನು ಕೈ ಜೇಬಿನಲ್ಲಿಟ್ಟುಕೊಂಡೇ ಹೇಳಿದ. "ದಿನಕ್ಕೆ ಹತ್ತೇ ನಿಮಿಷ ಮಗಾ. ಒಂದು ಕೆಲಸಕ್ಕೆ ಒಂದು ಮಾತು, ಒಂದೇ ದನಿ. ಕರೆದಾಗ ಬಂದ ನಾಯಿನ ಯಾವತ್ತೂ ಬೈಬೇಡ. ಬೈಯ್ಲೇಬೇಕು ಅಂದ್ರೆ ನೀನೇ ಅದರ ಹತ್ರ ಹೋಗಿ ಬೈಯಿ."

ಹತ್ತು ನಿಮಿಷ ಎಂಬುದು ಕರ್ಸ್ಟಿಗೆ ಕೇಳಿಸಿತು. ದಿನಕ್ಕೆ ಆರು ಸಲ ಹತ್ತು ನಿಮಿಷ ಮಾಡಿದಳು. ಒಂದೇ ದನಿ ಎಂಬುದು ಕೇಳಿಸಿತೋ ಇಲ್ಲವೋ, ಅವಳ ಬಳಿ ಇದ್ದ ದನಿಗಳು ಇಪ್ಪತ್ತು.

ಮೊದಲು 'ಬಾ'. ಮರಿಯ ಕೊರಳಿಗೆ ಉದ್ದನೆಯ ತೆಳು ಹಗ್ಗ ಕಟ್ಟಿ ಹುಲ್ಲಿನ ಮೇಲೆ ಎಳೆದುಕೊಂಡು ಓಡಾಡಲು ಬಿಟ್ಟಳು. ಅದು ಬೇರೆಲ್ಲೋ ನೋಡುತ್ತಿರುವಾಗ ಹೆಸರು ಕೂಗಿ ತಾನು ಹಿಂದಕ್ಕೆ ಓಡಿದಳು. ಓಡುವುದನ್ನು ಕಂಡರೆ ಯಾವ ಮರಿ ಬಿಟ್ಟೀತು? ಬಂದೊಡನೆ ಎದೆ ಉಜ್ಜಿ, ಜೇಬಿನಿಂದ ಕುರಿಕೊಬ್ಬಿನ ಒಂದು ಚೂರು. ನಾಲ್ಕು ದಿನಕ್ಕೆ ಹಗ್ಗದ ಕೆಲಸ ಮುಗಿಯಿತು. ಆಮೇಲೆ 'ಕೂರು'. ಊಟದ ಬಟ್ಟಲು ಅವಳ ಸೊಂಟದ ಮಟ್ಟದಲ್ಲಿ ನಿಲ್ಲುತ್ತಿತ್ತು, ಬೂಮಿನ ಹಿಂಭಾಗ ನೆಲ ಮುಟ್ಟಿದರೆ ಮಾತ್ರ ಬಟ್ಟಲೂ ನೆಲ ಮುಟ್ಟುತ್ತಿತ್ತು. 'ನಿಲ್ಲು' ಗೇಟಿನಲ್ಲಿ ಕಲಿಸಿದ್ದು: ಅವಳು ದಾಟಿ, ತಿರುಗಿ, ಹೂಂ ಅಂದ ಮೇಲಷ್ಟೇ ಅದು ದಾಟಬೇಕು. 'ಹಿಂದೆ' ಎಂಬುದಕ್ಕೆ ನೀರಿನ ಪೈಪಿನ ಒಂದು ತುಂಡನ್ನು ಬೆನ್ನ ಹಿಂದೆ ದನದ ಬಾಲದಂತೆ ಆಡಿಸುತ್ತ ನಡೆದಳು. ಮುಂದೆ ಬಂದ ಮೂಗಿಗೆ ಪೈಪು ತಾನಾಗಿಯೇ ತಗಲುತ್ತಿತ್ತು. 'ಬಿಡು' ಎಂಬುದನ್ನು ಕೋಳಿಗಳ ಮುಂದೆ ಕಲಿಸಿದಳು. ಒಂದು ಕೋಳಿಗೆ ಬಾಲದ ಪುಕ್ಕವಷ್ಟು ಹೋಯಿತು, ಜೀವ ಉಳಿಯಿತು. ಪಾದ ಎತ್ತಿ ಬೆರಳ ಸಂದಿನ ಮುಳ್ಳು ನೋಡಲು, ದವಡೆ ಬಿಡಿಸಿ ಹುಳದ ಮಾತ್ರೆ ನುಂಗಿಸಲು, ಎಲುಬು ಕೊಟ್ಟು ಸರಪಳಿಯಲ್ಲಿ ಒಂದು ಗಂಟೆ ಕಟ್ಟಲು, ಎಲ್ಲಕ್ಕೂ ಬೂಮ್ ಒಪ್ಪಿತು.

ಒಂದೇ ದನಿಯಲ್ಲಿ ಹೇಳುತ್ತ ಹೋದರೆ ಎರಡನೆಯ ವಾರಕ್ಕೇ ಬೇಜಾರು. ಹಾಗಾಗಿ ಬೆಳಿಗ್ಗೆ ಗಾರ್ತ್‌ನಂತೆ ಕೆಮ್ಮಿ 'ಬಾ' ಎನ್ನುವಳು, ಮಧ್ಯಾಹ್ನ ತಮಾತಿಯ ಎಳೆತದಲ್ಲಿ 'ಕೂರು', ಸಂಜೆ ರೇಡಿಯೋದಲ್ಲಿ ಹವಾಮಾನ ಓದುವ ಹೆಂಗಸಿನ ಹಾಗೆ ಗಂಭೀರವಾಗಿ 'ಹಿಂದೆ'. ಮರಿ ಎಲ್ಲ ದನಿಗೂ ತಲೆಬಾಗಿತು. ಒಮ್ಮೆ ನಿಜವಾದ ಗಾರ್ತ್ ಅಂಗಳದಲ್ಲಿ ಯಾರನ್ನೋ ಕರೆದು ಕೆಮ್ಮಿದಾಗ ಓಡಿಹೋಗಿ ಅವನ ಮುಂದೆ ಕುಳಿತಿತು. ತನ್ನ ಮಾತು ಕೇಳುವ ಪ್ರಾಣಿಯೊಂದು ಮನೆಯೊಳಗಾಗಲಿ ಹೊರಗಾಗಲಿ ಸಿಕ್ಕಿದ್ದು ಅದೇ ಮೊದಲು ಎಂಬಂತೆ ಗಾರ್ತ್ ಅದನ್ನು ಬಹಳ ಹೊತ್ತು ನೋಡುತ್ತ ನಿಂತ.

ಕ್ರಿಸ್ಮಸ್ ಹೊತ್ತಿಗೆ ಬೂಮ್ ಕಲಿಯಬೇಕಾದುದನ್ನೆಲ್ಲ ಕಲಿತಿತ್ತು. ಬೊಗಳುವುದೊಂದನ್ನು ಬಿಟ್ಟು.

ಅಲ್ಲಿಯವರೆಗೆ ಅದು ಬಾಯಿಬಿಟ್ಟದ್ದು ಒಂದೇ ಸಲ, ಅವಳು ಕತ್ತಲಲ್ಲಿ ಅದರ ಪಾದ ತುಳಿದಾಗ, ಅದೂ ಕ್ಷಮೆ ಕೇಳುವಷ್ಟು ಮೆತ್ತಗೆ. ತಮಾತಿಗೆ ಒಳ್ಳೆಯ ಮೇವು ಸಿಕ್ಕಿತು. ಬೂಮ್ ಅಂದರೆ ಸಿಡಿಯಬೇಕು ತಂಗೀ, ಇದು ಮಳೆಯಲ್ಲಿ ನೆಂದ ಪಟಾಕಿ ಎಂದ. ಇದು ನಾಯಿಯಲ್ಲ, ಇಗರ್ಜಿಯ ಹಿಂದಿನ ಸಾಲಿನಲ್ಲಿ ಕೂರುವ ಮುದುಕ ಎಂದ. ಬರುವ ಭಾನುವಾರ ಕಾಣಿಕೆ ತಟ್ಟೆ ಹಿಡಿಸು ಎಂದೂ ಸಲಹೆ ಕೊಟ್ಟ. ಅವನ ಹಂಟವೇಗಳು ಎರಡಿದ್ದವು. ಎರಡೂ ನಿದ್ದೆಯಲ್ಲೂ ಬೊಗಳುವಂಥವು.

ಕರ್ಸ್ಟಿ ನಗುತ್ತಿದ್ದಳು, ಆದರೆ ಕ್ಯಾಲೆಂಡರಿನ ಮುಂದೆ ಹಾದುಹೋಗುವಾಗಲೆಲ್ಲ ಏಪ್ರಿಲ್ ಹಾಳೆಯನ್ನು ಎತ್ತಿ ನೋಡುತ್ತಿದ್ದಳು. ಮರಿಯನ್ನು ಕುರಿದೊಡ್ಡಿಯ ಪಕ್ಕ ಕಟ್ಟಿದಳು. ಡ್ರಮ್ ಬೊಗಳುವಾಗ ಎದುರು ಕೂರಿಸಿದಳು. ಬೇಲಿಯಾಚೆ ನಾಲ್ಕು ಕುರಿ ಬಿಟ್ಟು ಆಸೆ ಹುಟ್ಟಿಸಿದಳು. ಬೂಮಿಗೆ ಆಸೆ ಇಲ್ಲದೆ ಇರಲಿಲ್ಲ. ಬಾಲ ಎತ್ತುತ್ತಿತ್ತು, ಮೈ ನಡುಗುತ್ತಿತ್ತು, ಕುರಿಯ ಹಿಂದೆ ಸರಿಯಾದ ಜಾಗದಲ್ಲೇ ಹೋಗಿ ನಿಲ್ಲುತ್ತಿತ್ತು. ನಿಂತು, ತಿರುಗಿ ಅವಳ ಮುಖ ನೋಡುತ್ತಿತ್ತು.

ಇನ್ನು ಉಳಿದದ್ದು ಅಲ್ಲಿನ ಕುರಿಗಾಹಿಗಳೆಲ್ಲ ಮಾಡುವ ಕೊನೆಯ ಉಪಾಯ. 'ಮಾತಾಡು' ಎಂದು ಹೇಳಿ, ತಾನೇ ಒಂದೆರಡು ಸಲ ಬೊಗಳಿ ತೋರಿಸುವುದು. ದೊಡ್ಡ ಮೀಸೆಯ ಗಂಡಸರೂ ಬೇಲಿ ಹಿಡಿದು ಭೌ ಭೌ ಎನ್ನುವುದನ್ನು ಆ ಸೀಮೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅವರೆಲ್ಲ ಬೊಗಳುವುದು ಕೆಟ್ಟದಾಗಿ, ಸಂಕೋಚದಿಂದ. ಅದನ್ನು ಕೇಳಿದ ಮರಿ ನಾಚಿಕೆಗೋ ಕನಿಕರಕ್ಕೋ ಮುಂದಿನದನ್ನು ತಾನೇ ವಹಿಸಿಕೊಳ್ಳುತ್ತದೆ.

ಕರ್ಸ್ಟಿಗೆ ಕೆಟ್ಟದಾಗಿ ಬೊಗಳಲು ಬರುತ್ತಿರಲಿಲ್ಲ. ಹೊಟ್ಟೆಯಿಂದ ಗಾಳಿ ಎತ್ತಿ, ಎದೆಯಲ್ಲಿ ಒಂದು ಸುತ್ತು ಸುತ್ತಿಸಿ, ಅವಳು ಡ್ರಮ್ಮಿನ ಬೊಗಳನ್ನು ಹಾಗೆಹಾಗೇ ಹೊರಗೆ ಬಿಟ್ಟಳು. ಗೂಡಿನ ಮುಂದೆ ಮಲಗಿದ್ದ ಡ್ರಮ್ ತನ್ನದೇ ದನಿ ದೊಡ್ಡಿಯಿಂದ ಬಂದದ್ದು ಕೇಳಿ ಎದ್ದು ಕುಂಟುತ್ತ ಹೊರಟಿತು. ಕುರಿಗಳು ಒಂದರ ಮೇಲೊಂದು ಬಿದ್ದು ಗೇಟು ದಾಟಿದವು. ತಮಾತಿ ಟೋಪಿ ತೆಗೆದು ನಮಸ್ಕರಿಸಿದ. ಆ ಬೊಗಳಿಗೆ ಒಂದೇ ಒಂದು ಊನವಿತ್ತು. ಕೊನೆಯಲ್ಲಿ ದನಿ ಸ್ವಲ್ಪ ಒಡೆದು, ಬಾಗಿಲಿನ ಕೀಲಿನಂತೆ ಕೀರಲು ಬಾಲವೊಂದು ಹೊರಡುತ್ತಿತ್ತು. ಅದನ್ನು ಹೋಗಲಾಡಿಸಲು ಅವಳಿಗೆ ಸಾಧ್ಯವಾಗಲೇ ಇಲ್ಲ.

ಜನವರಿಯ ಉಣ್ಣೆ ಕತ್ತರಿಸುವ ದಿನಗಳಲ್ಲಿ, ಫೆಬ್ರುವರಿಯಲ್ಲಿ ಕುರಿಮರಿಗಳನ್ನು ತಾಯಿಗಳಿಂದ ಬೇರ್ಪಡಿಸುವಾಗ, ದೊಡ್ಡಿ ಖಾಲಿ ಮಾಡುವ ಕೆಲಸವೆಲ್ಲ ಅವಳ ಗಂಟಲಿಗೇ ಬಂತು. ಉಣ್ಣೆ ಕತ್ತರಿಸಲು ಬಂದವರು ಚಹಾದ ಬಿಡುವಿನಲ್ಲಿ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೇಳಿ ಬೊಗಳಿಸಿದರು. ಕೇಳಿದವರಿಗೆ ಇಲ್ಲ ಅನ್ನುವ ಗುಣ ಅವಳಲ್ಲಿರಲಿಲ್ಲ. 'ಮಾತಾಡು' ಎನ್ನುವಳು, ಬೊಗಳುವಳು, ಕುರಿ ಓಡುವವು. ಬೂಮ್ ಪಕ್ಕದಲ್ಲೇ ಕುಳಿತು, ಮಗಳ ಹಾಡು ಕೇಳುವ ತಂದೆಯಂತೆ ಬಾಲ ಆಡಿಸುತ್ತಿತ್ತು.

ಮಾರ್ಚ್ ಮೊದಲ ವಾರ ಮರ್ವ್ ನೋಡಲು ಬಂದ. ಕರ್ಸ್ಟಿ ಬಾ, ಕೂರು, ನಿಲ್ಲು, ಹಿಂದೆ, ಬಿಡು ಎಲ್ಲವನ್ನೂ ಪ್ರದರ್ಶಿಸಿದಳು. ಮುದುಕ ಹೂಂಗುಟ್ಟಿದ. ಕೊನೆಗೆ ದೊಡ್ಡಿಯ ಮುಂದೆ ನಿಂತು 'ಮಾತಾಡು' ಎಂದಳು, ಬೂಮ್ ಅವಳ ಮುಖ ನೋಡಿತು, ಅವಳು ಬೊಗಳಿದಳು, ಕುರಿ ಓಡಿದವು. ಮರ್ವ್ ಜೇಬಿನಿಂದ ಕೈ ತೆಗೆದು ಕಿವಿ ತುರಿಸಿಕೊಂಡ.

"ಮಗಾ, ನಿಮ್ಮಿಬ್ಬರಲ್ಲಿ ನಾಯಿ ಯಾರು?"

ಅವಳು ನಕ್ಕಳು. ಅವನು ನಗಲಿಲ್ಲ.

"ತಮಾಷೆ ಅಲ್ಲ ಕಣೇ. ಮಾತಾಡು ಅಂದ್ರೆ ಏನಾಗುತ್ತೆ ಅಂತ ಅದಕ್ಕೆ ಗೊತ್ತು. ನೀನು ಬೊಗಳ್ತೀಯ. ಎರಡು ತಿಂಗಳಿಂದ ಅದನ್ನೇ ಕಲಿಸಿದ್ದೀಯ, ಅದೂ ಚೆನ್ನಾಗಿ ಕಲ್ತಿದೆ. ಕೆಲಸ ನೀನೇ ಮಾಡ್ತಿರೋವಾಗ ಅದು ಯಾಕೆ ಗಂಟಲು ಹರ್ಕೊಬೇಕು?"

ಕರ್ಸ್ಟಿಯ ಮಂಡಿ ಆ ಒಂದು ಕ್ಷಣ ಕುಣಿಯುವುದನ್ನು ಮರೆಯಿತು. ಔಷಧಿ ಏನು ಎಂದು ಕೇಳಿದಳು. ಬಾಯಿ ಮುಚ್ಚು ಎಂದ ಮರ್ವ್. ಕೆಲಸದ ಮಾತು ಒಂದು ಸಲ ಹೇಳು, ಆಮೇಲೆ ಗೋಡೆಯಾಗು. ನಾಯಿ ನಿನ್ನ ಮುಖ ನೋಡಿದರೆ ಅಲ್ಲಿ ಏನೂ ಸಿಗಬಾರದು. ಎಷ್ಟು ಹೊತ್ತು? ಅದು ಬಾಯಿ ಬಿಡುವಷ್ಟು ಹೊತ್ತು.

ಆಮೇಲಿನ ವಾರಗಳನ್ನು ನೆನೆದು ತಮಾತಿ ಈಗಲೂ ನಗುತ್ತಾನೆ. ಸುಮ್ಮನಿರುವುದೆಂದರೆ ಕರ್ಸ್ಟಿಗೆ ಮೈತುಂಬ ತುರಿಕೆ ಗಿಡ ಸವರಿದಂತೆ. ಮೊದಲ ದಿನ ದೊಡ್ಡಿಯ ಮುಂದೆ 'ಮಾತಾಡು' ಎಂದು ಹೇಳಿ ಬಾಯಿ ಬಿಗಿಹಿಡಿದಳು. ಬೂಮ್ ಮುಖ ನೋಡಿತು. ಅವಳು ಆಕಾಶ ನೋಡಿದಳು. ಅದೂ ಆಕಾಶ ನೋಡಿತು. ಮೂರು ನಿಮಿಷವಾಗುವಷ್ಟರಲ್ಲಿ ಅವಳ ಬೆರಳು ಬೇಲಿಯ ಮೇಲೆ ತಾಳ ಹಾಕುತ್ತಿತ್ತು, ಕಾಲು ಮಣ್ಣು ಕೆದಕುತ್ತಿತ್ತು, ಗಂಟಲೊಳಗೆ ಬೊಗಳೊಂದು ಬಿಕ್ಕಳಿಕೆಯಂತೆ ಮೇಲೆ ಕೆಳಗೆ ಆಡುತ್ತಿತ್ತು. ಎರಡನೆಯ ದಿನ ಐದು ನಿಮಿಷ. ಮೂರನೆಯ ದಿನ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಬಂದಳು. ದರೋಡೆಗೆ ಬಂದೆಯಾ ಎಂದು ಕೇಳಿದ ಗಾರ್ತ್. ನಾಲ್ಕನೆಯ ದಿನ ದೊಡ್ಡಿಯ ಗೇಟಿನ ಅಗುಳಿ ಕಳಚಿಕೊಂಡು ಕುರಿಗಳು ಹಿಂದಕ್ಕೆ ನುಗ್ಗಿದಾಗ, ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ಬೊಗಳಿಬಿಟ್ಟಿದ್ದಳು. ಬೂಮ್ ನೆಮ್ಮದಿಯಿಂದ ಬಾಲ ಆಡಿಸಿತು. ನಾಲ್ಕು ದಿನದ ದುಡಿಮೆ ಒಂದು ಉಸಿರಿನಲ್ಲಿ ಹೋಯಿತು.

ಹೀಗೇ ಮತ್ತೆರಡು ಸಲ. ಏಪ್ರಿಲ್ ಬಂತು. ಹೊರಗಿನಿಂದ ಬರಬೇಕಿದ್ದ ಕುರಿಗಾಹಿಯೊಬ್ಬ ಮಂಡಿ ಉಳುಕಿಸಿಕೊಂಡು ಬರಲಾರೆನೆಂದು ಹೇಳಿ ಕಳಿಸಿದ. ಗುಡ್ಡಕ್ಕೆ ಒಂದು ಜನ ಕಡಿಮೆ. ಗಾರ್ತ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಬಹಳ ಹೊತ್ತು ಕೆಮ್ಮಿದ.

"ಕೆಳಗಿನ ದಾರಿ ನಿಂದು," ಎಂದ ಅವಳಿಗೆ. "ನಾಯಿ ಬಾಯಿ ಬಿಡ್ಲಿಲ್ಲ ಅಂದ್ರೆ ನೀನೇ ಬಿಡು. ಈ ಸಲದ ಮಟ್ಟಿಗೆ ನಡೀತದೆ. ಆಮೇಲಿನದು ಆಮೇಲೆ."

ಅವಳಿಗೆ ಆ 'ಆಮೇಲೆ' ಚೆನ್ನಾಗಿ ಅರ್ಥವಾಯಿತು. ತಾನೇ ಬೊಗಳಿ ಕುರಿ ಇಳಿಸಿದರೆ ಸಂಜೆ ಚಹಾದ ಹೊತ್ತಿಗೆ ಎಲ್ಲರೂ ನಗುತ್ತಾರೆ, ಬೆನ್ನು ತಟ್ಟುತ್ತಾರೆ, ಬರುವ ವರ್ಷ ಮತ್ತೆ ಟ್ರಕ್ಕಿನ ಸೀಟು. ನಗಿಸುವವಳನ್ನು ಯಾರೂ ಗುಡ್ಡಕ್ಕೆ ಕಾಯಂ ಮಾಡುವುದಿಲ್ಲ.

ಟ್ರಕ್ಕನ್ನು ಕೆಳಗಿನ ಗೇಟಿನವರೆಗೆ ತಂದವಳು ಅವಳೇ. ಅಭ್ಯಾಸಬಲದಿಂದ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೇ ನಡೆದಳು. ಬೆಳಕು ಹರಿಯುವ ಹೊತ್ತಿಗೆ ಐವರೂ ಗುಡ್ಡದ ಮೈಮೇಲೆ ಸಾಲಾಗಿ ನಿಂತಿದ್ದರು. ಎಲ್ಲಕ್ಕಿಂತ ಮೇಲೆ ತಮಾತಿ, ಎಲ್ಲಕ್ಕಿಂತ ಕೆಳಗೆ ಕರ್ಸ್ಟಿ. ಗಾರ್ತ್ ಗೇಟಿನ ಬಳಿ ಕಾಯುತ್ತಿದ್ದ. ಮೇಲಿನಿಂದ ನಾಯಿಗಳ ಬೊಗಳು ಕಲ್ಲು ಉರುಳಿದಂತೆ ಕೆಳಗೆ ಬರತೊಡಗಿತು. ಕಂದು ಹುಲ್ಲಿನ ನಡುವಿನಿಂದ ಕುರಿಗಳು ಮೂರು, ಎಂಟು, ಇಪ್ಪತ್ತು ಎಂದು ಕೂಡಿಕೊಂಡು ಇಳಿದವು. ಬೆಳಗಿನ ಹೊತ್ತು ಕರ್ಸ್ಟಿಗೆ ಕಷ್ಟವೇನೂ ಆಗಲಿಲ್ಲ. ಮಿಸ್ಟ್ ಸುತ್ತುಹಾಕಿ ತರುತ್ತಿತ್ತು, ಬೂಮ್ ಹಿಂದೆ ನಡೆದರೇ ಸಾಕಾಗುತ್ತಿತ್ತು.

ತೊಂದರೆ ಹುಟ್ಟಿದ್ದು ಹೊಳೆ ದಾಟುವಲ್ಲಿ. ಅಲ್ಲಿ ಒಂದು ಕಡೆ ಬಂಡೆಗೋಡೆ, ಇನ್ನೊಂದು ಕಡೆ ಕಡಿದಾದ ಇಳಿಜಾರು, ನಡುವೆ ಎರಡು ಕುರಿ ಅಗಲದ ದಾರಿ. ಎಂಭತ್ತು ಕುರಿಗಳು ನೀರಿನ ಮುಂದೆ ಬಂದು ನಿಂತವು. ಮುಂದಿನದು ನೀರು ಮೂಸಿ ಹಿಂದಕ್ಕೆ ತಿರುಗಿತು. ಮಿಸ್ಟ್ ಇಳಿಜಾರಿನ ಕಡೆ ಕಣ್ಣು ನೆಟ್ಟು ಕೂತು ಅವು ಚದುರದಂತೆ ತಡೆದಿತ್ತು. ಆದರೆ ತಡೆದರೆ ಸಾಲದು, ದೂಡಬೇಕು. ದೂಡದಿದ್ದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಒಂದು ಕುರಿ ಧೈರ್ಯ ಮಾಡಿ ಮೇಲಕ್ಕೆ ನುಗ್ಗುತ್ತದೆ, ಅದರ ಹಿಂದೆ ಎಂಭತ್ತೂ, ಅವನ್ನು ಕಂಡು ಮೇಲಿನ ದಾರಿಗಳ ಕುರಿಗಳೂ. ಐದು ಜನರ ಒಂದು ದಿನದ ನಡಿಗೆ ಗುಡ್ಡದ ಪಾಲು.

"ತಂಗೀ, ನಿನ್ನ ಕಡೆ ನಿಂತ್ಹೋಗಿದೆ. ದೂಡು," ಎಂದಿತು ವಾಕಿಟಾಕಿ ತಮಾತಿಯ ದನಿಯಲ್ಲಿ.

ಅವಳು ಬೂಮಿಗೆ ಕೈ ತೋರಿಸಿದಳು. ಅದು ಕುರಿಗಳ ಹಿಂದೆ ಸರಿಯಾದ ಜಾಗಕ್ಕೇ ಹೋಗಿ ನಿಂತಿತು. ಒಂದು ಹಳೆಯ ಕುರಿ ತಿರುಗಿ ಅದನ್ನು ದಿಟ್ಟಿಸಿ ಮುಂಗಾಲಿನಿಂದ ನೆಲ ಗುದ್ದಿತು.

"ಮಾತಾಡು," ಎಂದಳು ಕರ್ಸ್ಟಿ.

ಬೂಮ್ ತಿರುಗಿ ಅವಳ ಮುಖ ನೋಡಿತು.

ಬೊಗಳು ಹೊಟ್ಟೆಯಿಂದ ಎದ್ದು ಎದೆ ದಾಟಿ ಹಲ್ಲಿನ ಹಿಂದೆ ಬಂದು ನಿಂತಿತು. ಒಂದೇ ಒಂದು ಸಲ ಬಾಯಿ ತೆರೆದರೆ ಎಂಭತ್ತು ಕುರಿ ನೀರು ದಾಟುತ್ತವೆ. ಗಾರ್ತ್ ಹೇಳಿದ್ದಾನೆ, ನಡೆಯುತ್ತದೆ ಎಂದು. ಅವಳು ತಲೆಯ ಉಣ್ಣೆಟೋಪಿ ಕಿತ್ತು, ಮುದ್ದೆ ಮಾಡಿ, ಬಾಯಿಗೆ ತುರುಕಿಕೊಂಡಳು. ಆದರೂ ಮರಿ ನೋಡುತ್ತಲೇ ಇತ್ತು. ಮುಖ ಇರುವವರೆಗೆ ಅದು ನೋಡುತ್ತಲೇ ಇರುತ್ತದೆ. ಹಾಗಾಗಿ ಅವಳು ಯಾವ ಕುರಿಗಾಹಿಯೂ ಮಾಡದ ಕೆಲಸ ಮಾಡಿದಳು. ಕುರಿಗಳಿಗೂ ನಾಯಿಗೂ ಬೆನ್ನು ತಿರುಗಿಸಿ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಟೋಪಿಗೆ ಕುರಿಜಿಡ್ಡಿನ, ಬೆವರಿನ, ಹಳೆಯ ಮಳೆಯ ರುಚಿಯಿತ್ತು. ಎದುರಿಗೆ ಬರೀ ಗುಡ್ಡ, ಅದರ ಮೇಲೆ ತೆವಳುತ್ತಿದ್ದ ಒಂದು ಮೋಡ. ಹಿಂದೆ ಗೊರಸಿನ ಸದ್ದು. ಒಂದು ಕಲ್ಲು ಜಾರಿ ನೀರಿಗೆ ಬಿತ್ತು. ಎರಡು ಮಂಡಿಯೂ ಕುಣಿಯತೊಡಗಿದವು. ಕೈಯಿಂದ ಅದುಮಿದರೆ ಕೈಯೇ ಕುಣಿಯಿತು. ತಿರುಗಿ ನೋಡು ಎಂದು ಕತ್ತು ಎಳೆಯುತ್ತಿತ್ತು. ವಾಕಿಟಾಕಿ ಎರಡು ಸಲ ಅವಳ ಹೆಸರು ಕರೆಯಿತು, ಮೂರನೆಯ ಸಲ ಗಾರ್ತ್ ಕೆಮ್ಮಿದ. ಹಿಂದೆ ಗೊರಸುಗಳ ಸದ್ದು ಜೋರಾಯಿತು, ನೀರಿನ ಕಡೆಗೋ ಗುಡ್ಡದ ಕಡೆಗೋ ತಿಳಿಯಲಿಲ್ಲ. ಹೋಯಿತು ಎಂದುಕೊಂಡಳು. ಎಲ್ಲ ಹೋಯಿತು, ಟ್ರಕ್ಕಿನ ಸೀಟೂ ಉಳಿಯುವುದಿಲ್ಲ.

ಆಗ ಯಾರೋ ಕೆಮ್ಮಿದರು. ಗಾರ್ತ್ ಅಲ್ಲ, ಗಂಟಲಲ್ಲಿ ಬ್ರೆಡ್ಡಿನ ಚೂರು ಸಿಕ್ಕಿಕೊಂಡವರ ಕೆಮ್ಮು. ಇನ್ನೊಂದು ಸಲ. ಮೂರನೆಯದು ಕೆಮ್ಮಾಗಿರಲಿಲ್ಲ. ದೊಡ್ಡದು, ಎದೆಯಲ್ಲಿ ಸುತ್ತಿ ಬಂದದ್ದು, ಕೊನೆಯಲ್ಲಿ ಬಾಗಿಲಿನ ಕೀಲಿನಂತೆ ಒಂದು ಕೀರಲು ಬಾಲ.

ಕರ್ಸ್ಟಿ ಗಾಬರಿಯಿಂದ ಬಾಯಿ ಮುಟ್ಟಿ ನೋಡಿಕೊಂಡಳು. ಟೋಪಿ ಅಲ್ಲೇ ಇತ್ತು.

ಬೊಗಳು ಮತ್ತೆ ಬಂತು, ಮತ್ತೆ, ಮತ್ತೆ, ಬಂಡೆಗೋಡೆಗೆ ಬಡಿದು ಎರಡಾಗಿ. ನೀರು ಸಿಡಿಯುವ ಸದ್ದು. ಅವಳು ತಿರುಗಿದಾಗ ಎಂಭತ್ತು ಬೆನ್ನುಗಳು ಒಂದರ ಹಿಂದೊಂದು ಹೊಳೆ ದಾಟುತ್ತಿದ್ದವು. ಹಿಂದೆ ಬೂಮ್ ನಾಲ್ಕೂ ಕಾಲಲ್ಲಿ ಕುಪ್ಪಳಿಸುತ್ತ, ಒಂದೊಂದು ಬೊಗಳಿಗೂ ತಾನೇ ಬೆಚ್ಚುತ್ತ, ಬೆಚ್ಚಿದ್ದಕ್ಕೆ ಮತ್ತೆ ಬೊಗಳುತ್ತ ಇತ್ತು. ಅವಳ ಮುಖದ ಕಡೆ ಒಮ್ಮೆಯೂ ನೋಡಲಿಲ್ಲ.

"ಮರ್ವ್ ಅಷ್ಟು ಹೇಳಿದ್ರೂ ಬೊಗಳ್ದೆ ಇರೋಕಾಗ್ಲಿಲ್ವಾ ನಿಂಗೆ," ಎಂದಿತು ವಾಕಿಟಾಕಿ, ಮತ್ತೆ ತಮಾತಿಯ ದನಿಯಲ್ಲೇ. ಆ ಕೀರಲು ಬಾಲವನ್ನು ಗುರುತಿಸದವರು ಆ ಗುಡ್ಡದ ಮೇಲೆ ಯಾರೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಗೇಟಿನ ಬಳಿ ಸೇರಿದಾಗ ಕರ್ಸ್ಟಿ ನಡೆದದ್ದನ್ನು ಹೇಳಿದಳು. ಟೋಪಿ ತೋರಿಸಿದಳು, ಅದರ ಮೇಲಿನ ಹಲ್ಲಿನ ಗುರುತನ್ನೂ. ಯಾರೂ ನಂಬಲಿಲ್ಲ. ನಂಬದಿರುವುದಕ್ಕೆ ಟರ್ನಿಪ್ ಹೊಲ ಸಾಕ್ಷಿಯಾಗಿತ್ತು. ಬೂಮ್ ಅವಳ ಪಾದದ ಬಳಿ ಕುಳಿತು, ಇಡೀ ಜನ್ಮದಲ್ಲಿ ಬಾಯಿಬಿಟ್ಟವನೇ ಅಲ್ಲ ಎಂಬಂತೆ ಪಂಜ ನೆಕ್ಕುತ್ತಿತ್ತು. ಚೆನ್ನಾಗಿತ್ತು ಕಣಮ್ಮ, ಕೆಲಸವೂ ಆಯಿತು, ಎಂದು ಗಾರ್ತ್ ದಾಕ್ಷಿಣ್ಯಕ್ಕೆ ಹೇಳಿ, ಕೆಮ್ಮಿ, ಚಹಾದ ಕಡೆ ತಿರುಗಿದ. ಆ ತಿರುಗಿದ ಬೆನ್ನಿನಲ್ಲಿ ಅವಳಿಗೆ ಮುಂದಿನ ಏಪ್ರಿಲ್ ಪೂರ್ತಿ ಕಂಡಿತು.

"ಇನ್ನೊಂದ್ಸಲ ಮಾಡಿಸ್ತೀನಿ," ಎಂದಳು.

"ನೀನೇ ಮಾಡಲ್ಲ ಅಂತ ಏನು ಗ್ಯಾರಂಟಿ ತಂಗೀ?" ತಮಾತಿ ಬ್ರೆಡ್ಡಿನ ಪೆಟ್ಟಿಗೆ ತೆರೆದ. ಎರಡು ದಪ್ಪ ತುಂಡುಗಳಿಗೆ ಸಕ್ಕರೆಪಾಕ ಬಳಿದು ಒಂದರ ಮೇಲೊಂದಿಟ್ಟು ಅವಳ ಮುಂದೆ ಹಿಡಿದ. "ಇದು ಪೂರ್ತಿ ಬಾಯೊಳಗೆ ಇರ್ಲಿ. ಆಮೇಲೆ ನಂಬ್ತೀವಿ."

ಅವಳು ಪೂರ್ತಿ ತುರುಕಿಕೊಂಡಳು. ಕೆನ್ನೆ ಎರಡೂ ಉಬ್ಬಿದವು. ಆಗ ಎಲ್ಲರಿಗೂ ಹೊಳೆಯಿತು, ಇನ್ನು 'ಮಾತಾಡು' ಎಂದು ಹೇಳುವವರು ಯಾರು? ಅವಳ ಬಾಯಿಗೆ ಬೀಗ ಬಿದ್ದಿದೆ, ನಾಯಿ ಅವಳದು. ಕರ್ಸ್ಟಿ ಗಾರ್ತ್‌ನ ಕಡೆ ಬೆರಳು ತೋರಿಸಿದಳು. ಗಾರ್ತ್ ಹಿಂದೆ ನೋಡಿದ, ಅಲ್ಲಿ ಯಾರೂ ಇರಲಿಲ್ಲ.

"ನಾನಾ?" ಎಂದ. ಬೂಮಿನ ಕಡೆ ನೋಡಿದ. ಅದು ಆಗಲೇ ಎದ್ದು ಅವನ ಮುಂದೆ ಬಂದು ನಿಂತಿತ್ತು. ಗೇಟಿನಾಚೆ ಕುರಿಗಳು ಒತ್ತಾಗಿ ನಿಂತಿದ್ದವು.

"ಮಾತಾಡು," ಎಂದ ಗಾರ್ತ್. ಕೆಮ್ಮಿದ.

ಬೂಮ್ ಆ ಕೆಮ್ಮನ್ನು ಎಷ್ಟೋ ಬೆಳಗು ಕೇಳಿತ್ತು. ಕಿವಿ ನಿಮಿರಿಸಿತು. ತಿರುಗಿ ಕರ್ಸ್ಟಿಯ ಮುಖ ನೋಡಿತು. ಪಾಕ ಅವಳ ಗದ್ದದ ಮೇಲೆ ಇಳಿಯುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಯಾರ ಕೈಯ ಚಹಾ ಲೋಟವೂ ಅಲ್ಲಾಡಲಿಲ್ಲ. ಅವಳ ಮಂಡಿಯೊಂದೇ ಕುಣಿಯುತ್ತಿತ್ತು.

ಬೂಮ್ ಕುರಿಗಳ ಕಡೆ ತಿರುಗಿ ಬೊಗಳಿತು. ಕೀರಲು ಬಾಲದ ಸಮೇತ. ಗೇಟಿಗೆ ಒತ್ತಿಕೊಂಡಿದ್ದ ಕುರಿಗಳು ಸರಕ್ಕನೆ ಹಿಂದೆ ಸರಿದವು. ತಮಾತಿ ಬಗ್ಗಿ ಕರ್ಸ್ಟಿಯ ಕೆನ್ನೆಗಳನ್ನು ಹತ್ತಿರದಿಂದ ಪರೀಕ್ಷಿಸಿದ. ಬ್ರೆಡ್ಡು ಬ್ರೆಡ್ಡಿನ ಜಾಗದಲ್ಲೇ ಇತ್ತು.

"ಥೂ, ನಿನ್ನದೇ ಗಂಟಲು ಅಂಟಿಸಿಬಿಟ್ಟಿದ್ದೀಯಲ್ಲೇ ಇದಕ್ಕೆ," ಎಂದ.

ಗಾರ್ತ್ ನಗು ತಡೆಯಲು ನಾಲ್ಕು ಸಲ ಕೆಮ್ಮಿದ. ನಾಲ್ಕನ್ನೂ ಅಪ್ಪಣೆ ಎಂದು ತಿಳಿದ ಬೂಮ್ ನಾಲ್ಕು ಸಲ ಬೊಗಳಿತು, ಆಮೇಲೆ ಲೆಕ್ಕ ಬಿಟ್ಟು ಬೊಗಳತೊಡಗಿತು. ಗಾರ್ತ್ ಅದರ ಸದ್ದಿನ ಮೇಲೆ ದನಿ ಎತ್ತಿ, ನಾಳೆ ನಡುದಾರಿ ಕರ್ಸ್ಟಿಯದು, ನಾಡಿದ್ದೂ, ಚಳಿಗಾಲ ಕಳೆದ ಮೇಲೂ ಎಂದ. ಆಮೇಲೆ ಅಂಗೈ ಚಾಚಿದ.

"ಟ್ರಕ್ಕಿನ ಬೀಗದ ಕೈ ಇಲ್ಲಿ ಕೊಡು. ನಾನೇ ಓಡಿಸ್ಕೊತೀನಿ. ಅದನ್ನ ಸುಮ್ಮನಿರಿಸೋಕೆ ಏನಂತ ಹೇಳ್ಬೇಕು?"

ಅದನ್ನು ಅವಳು ಕಲಿಸಿರಲಿಲ್ಲ. ಆರು ತಿಂಗಳಲ್ಲಿ ಅದರ ಅಗತ್ಯ ಬಂದೇ ಇರಲಿಲ್ಲ. ಬಾಯಿತುಂಬ ಬ್ರೆಡ್ಡಿಟ್ಟುಕೊಂಡು ಕರ್ಸ್ಟಿ ಗೊತ್ತಿಲ್ಲವೆಂದು ತಲೆಯಾಡಿಸಿದಳು, ಜೇಬಿನಲ್ಲಿ ತಡಕಿ, ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. ಬೂಮ್ ಬೊಗಳುತ್ತಲೇ ಇತ್ತು.